ಗುಂಡು ಮತ್ತು ಬಟ್ಟಲು

ಹೊಂಗನೂರಿನಿಂದ ದಿನಾ ಚನ್ನಪಟ್ಟಣಕ್ಕೆ ಹೋಗಿ ಬೊಂಬೆ ಕಡೆಯುವುದು ನನ್ನ ಕಸುಬು. ಆಲೆಮರದ ತುಂಡನ್ನು ಲೇತಿಗೆ ಸಿಕ್ಕಿಸಿ, ಉಳಿ ಹಿಡಿದು ಕಡೆದು, ತಿರುಗುತ್ತಿರುವಾಗಲೇ ಅರಗಿನ ಬಣ್ಣ ಒತ್ತಿ, ತಾಳೆಗರಿಯಿಂದ ಮೆರುಗು ಕೊಡುತ್ತೇವೆ. ಒಂದರೊಳಗೊಂದು ತಿರುಗುವ ಭಾಗಗಳಿದ್ದರೆ ಮಾತ್ರ ಬಣ್ಣಕ್ಕಿಂತ ಉಜ್ಜಾಟದ್ದೇ ಚಿಂತೆ. ಸಡಿಲವಾದರೆ ಅಲುಗುತ್ತದೆ, ಬಿಗಿಯಾದರೆ ಪುಡಿ ಉದುರುತ್ತದೆ. ನಮ್ಮಕ್ಕನಿಗೆ ಸೊಂಟದ ಕೀಲು ಬದಲಿಸಿದ ಮೇಲೆ ಆ ಕೀಲಿನ ಚರಿತ್ರೆ ಓದತೊಡಗಿದೆ. ನೋಡಿದರೆ, ತೊಡೆಮೂಳೆಯ ತುದಿಯ ಗುಂಡು ಸೊಂಟದ ಮೂಳೆಯ ಬಟ್ಟಲಿನೊಳಗೆ ತಿರುಗುವ ಅಲ್ಲಿಯೂ ಇದೇ ಪುಡಿಯ ತಕರಾರು.

1890ರ ಸುಮಾರಿಗೆ ಬರ್ಲಿನ್ನಿನ ಡಾಕ್ಟರ್ ಗ್ಲುಕ್ ಆನೆದಂತದ ಕೀಲುಗಳನ್ನು ಮಾಡಿ ಕೂರಿಸಿದರು. ಕ್ಷಯ ಹಿಡಿದ ಕೀಲುಗಳಾದ್ದರಿಂದ ಕೀವು ತುಂಬಿ ಕೆಟ್ಟವು. ಅದು ದಂತದ ತಪ್ಪಲ್ಲ ಎಂದೇ ನನ್ನ ವಾದ. 1960ರಿಂದ ಮುಂದೆ ಬರ್ಮಾದ ಮಂಡಾಲೆಯಲ್ಲಿ ಸಾನ್ ಬಾ ಎಂಬ ವೈದ್ಯರು ತೊಡೆಮೂಳೆಯ ಕತ್ತು ಮುರಿದ ಮುನ್ನೂರಕ್ಕೂ ಹೆಚ್ಚು ಜನರಿಗೆ ದಂತದ ಗುಂಡನ್ನೇ ಹಾಕಿ ನಡೆಸಿದರು. ಬಾಸ್ಟನ್ನಿನ ಸ್ಮಿತ್-ಪೀಟರ್ಸನ್ 1923ರಲ್ಲಿ ಗಾಜಿನ ಬಟ್ಟಲು ಹಾಕಿ ನೋಡಿದರು, ಒಡೆಯಿತು. ಬಳೆಗಾರರನ್ನು ಕೇಳಿದ್ದರೂ ಮೊದಲೇ ಹೇಳುತ್ತಿದ್ದರು. 1938ರಲ್ಲಿ ಅವರು ಕೋಬಾಲ್ಟ್, ಕ್ರೋಮಿಯಂ ಬೆರೆತ ಲೋಹಕ್ಕೆ ಬಂದರು. 1946ರಲ್ಲಿ ಪ್ಯಾರಿಸ್ಸಿನ ಜುಡೆ ಸೋದರರದ್ದು ಅಕ್ರಿಲಿಕ್ ಗುಂಡು. ಅದು ಸವೆಯಿತು, ಸಾಲದೆಂಬಂತೆ ಸದ್ದೂ ಮಾಡಿತು. ಒಬ್ಬ ರೋಗಿ ಊಟಕ್ಕೆ ಕೂತು ಮುಂದಕ್ಕೆ ಬಾಗಿದಾಗಲೆಲ್ಲ ಸೊಂಟ ಕಿರ್ರೆಂದು, ಹೆಂಡತಿ ತಡೆಯಲಾರದೆ ಎದ್ದು ಹೋಗುತ್ತಿದ್ದಳಂತೆ.

ಆ ಕಿರ್ರೆಂಬ ಸದ್ದೇ ಇಂಗ್ಲೆಂಡಿನ ಜಾನ್ ಚಾರ್ನ್ಲಿಯವರನ್ನು ಉಜ್ಜಾಟದ ಹಿಂದೆ ಹಚ್ಚಿತು. ಅವರು 1958ರ ಹೊತ್ತಿಗೆ ಟೆಫ್ಲಾನ್ ಬಟ್ಟಲು ಶುರುಮಾಡಿದರು. ಸುಮಾರು ಮುನ್ನೂರು ರೋಗಿಗಳಿಗೆ ಹಾಕಿದ್ದು, ಕೆಲವೇ ವರ್ಷದಲ್ಲಿ ಸವೆದುಹೋಯಿತು. ಉದುರಿದ ಪುಡಿಗೆ ಮೈ ತಿರುಗಿಬಿದ್ದು ಗಂಟು ಕಟ್ಟಿತು. ದೋಷ ಪುಡಿಯದ್ದೇ ಹೌದೋ ಎಂದು ತಿಳಿಯಲು ಚಾರ್ನ್ಲಿ ಅದನ್ನು ತಮ್ಮ ತೊಡೆಗೇ ಚುಚ್ಚಿಕೊಂಡರು. ಅಲ್ಲಿಯೂ ಗಂಟು ಎದ್ದಿತು. ಇಂಥ ಡಾಕ್ಟರಿಗೆ ಕೈ ಮುಗಿಯಬೇಕು.

ಆದರೂ ನನ್ನ ಮಟ್ಟಿಗೆ ಈ ಕಥೆಯ ನಾಯಕ ಅವರ ವರ್ಕ್‌ಶಾಪಿನ ಹ್ಯಾರಿ ಕ್ರೇವನ್. 1962ರಲ್ಲಿ ಮಗ್ಗದ ಗೇರುಗಳಿಗೆ ಬಳಸುವ ಪಾಲಿಎಥಿಲೀನ್ ಎಂಬ ಪ್ಲಾಸ್ಟಿಕ್ಕಿನ ತುಂಡನ್ನು ಒಬ್ಬ ಮಾರಾಟಗಾರ ತಂದ. ಚಾರ್ನ್ಲಿ ಉಗುರಿನಿಂದ ಗೀರಿ ನೋಡಿ, ಇದಕ್ಕೆಲ್ಲ ಹೊತ್ತು ಹಾಳು ಮಾಡಬೇಡ ಎಂದು ಹೊರಟುಹೋದರು. ಕ್ರೇವನ್ ಕೇಳಲಿಲ್ಲ, ಸವೆತ ಅಳೆಯುವ ಯಂತ್ರಕ್ಕೆ ಅದನ್ನು ಹಾಕಿ ಬಿಟ್ಟ. ಮೂರು ವಾರ ಉಜ್ಜಿದರೂ, ಟೆಫ್ಲಾನ್ ಒಂದೇ ದಿನದಲ್ಲಿ ಸವೆದಷ್ಟೂ ಅದು ಸವೆದಿರಲಿಲ್ಲ. ಅದೇ ನವೆಂಬರಿನಲ್ಲಿ ಮೊದಲ ರೋಗಿಗೆ ಆ ಬಟ್ಟಲು ಕೂತಿತು. ಅದರೊಳಗೆ 22.225 ಮಿಲಿಮೀಟರಿನ ಪುಟ್ಟ ಲೋಹದ ಗುಂಡು.

ಅಕ್ಕನಿಗೆ ಹಾಕಿದ್ದೂ ಅದೇ ಜಾತಿಯದು. ಬಹಳ ವರ್ಷ ಚೆನ್ನಾಗಿಯೇ ನಡೆದಾಡಿದಳು. ಆಮೇಲೆ ತೊಡೆಸಂದಿಯಲ್ಲಿ ನೋವು. ಎಕ್ಸ್‌ರೇಯಲ್ಲಿ ಗುಂಡು ಬಟ್ಟಲಿನ ನಡುವೆ ಇರದೆ ಮೇಲಕ್ಕೆ ಸರಿದಿತ್ತು, ಪಕ್ಕದ ಮೂಳೆ ಗೆದ್ದಲು ತಿಂದಂತೆ ಕಾಣುತ್ತಿತ್ತು. ಹೊರತೆಗೆದ ಬಟ್ಟಲನ್ನು ಡಾಕ್ಟರು ನನ್ನ ಕೈಗೂ ಕೊಟ್ಟರು. ಕೆಳಗಿನ ಅಂಚು ದಪ್ಪಗೆ ಹಾಗೇ ಇತ್ತು. ಭಾರ ಬೀಳುವ ಮೇಲ್ಭಾಗ ಹೆಬ್ಬೆರಳಿಟ್ಟರೆ ಗುಳಿ, ನುಣ್ಣಗೆ, ತೆಳ್ಳಗೆ. ಹಳೆಯ ಪಾಲಿಎಥಿಲೀನ್ ವರ್ಷಕ್ಕೆ 0.1 ಮಿಲಿಮೀಟರಿನ ಆಸುಪಾಸು ಸವೆಯುತ್ತದಂತೆ. ಕಣ್ಣಿಗೆ ಕಾಣದ ಆ ಪುಡಿಯನ್ನು ನುಂಗಿದ ಮೈಯ ಕಣಗಳು ಕೆರಳುತ್ತವೆ, ಆ ಕೆರಳಿಕೆಗೆ ಮೂಳೆ ಕರಗುತ್ತದೆ. ಈಗ ಅವಳಿಗಿರುವುದು ವಿಕಿರಣ ಹಾಯಿಸಿ ಗಟ್ಟಿಮಾಡಿದ ಬಗೆ, ಸವೆತ ಬಹಳ ಕಡಿಮೆ. ನೆಲದ ಮೇಲೆ ಕೂತು ಮುದ್ದೆ ಉಣ್ಣುವುದು ಮಾತ್ರ ನಿಂತೇ ಹೋಯಿತು.

ಪ್ಲಾಸ್ಟಿಕ್ಕಿನ ಈ ಗೋಳೇ ಬೇಡ, ಲೋಹಕ್ಕೆ ಲೋಹ ಉಜ್ಜಲಿ ಎಂಬ ಹಳೆಯ ಆಸೆ ಈ ಶತಮಾನದ ಮೊದಲಲ್ಲಿ ಮತ್ತೆ ಜೋರಾಯಿತು. ಡಿಪ್ಯೂ ಕಂಪನಿಯ ಎಎಸ್‌ಆರ್ ಕೀಲಿನಲ್ಲಿ ಗುಂಡು ದೊಡ್ಡದು, ಬಟ್ಟಲಿನ ಆಳ ಕಡಿಮೆ. ಕೂರಿಸುವಾಗ ಓರೆ ಹೆಚ್ಚುಕಡಿಮೆಯಾದರೆ ಅಂಚು ಉಜ್ಜಿ ಕೋಬಾಲ್ಟ್, ಕ್ರೋಮಿಯಂ ಪುಡಿ ಉದುರುತ್ತಿತ್ತು. ಗುಂಡು ತೊಡೆಮೂಳೆಯೊಳಗೆ ಇಳಿಸಿದ ಕಂಬಿಗೆ ಕಚ್ಚಿಕೊಳ್ಳುವ ಸಂದಿನಲ್ಲೂ ಸಣ್ಣ ಅದುರಾಟಕ್ಕೆ ಮೈಯ ಉಪ್ಪುನೀರು ಸೇರಿ ಲೋಹ ಕೊರೆಯುತ್ತಿತ್ತು. ಹೀಗೆ ಲೋಹ ರಕ್ತಕ್ಕೆ ಇಳಿದು, ಕೆಲವರ ಕೀಲಿನ ಸುತ್ತಲ ಮಾಂಸವೂ ಸತ್ತಿತು. 2010ರ ಆಗಸ್ಟಿನಲ್ಲಿ ಕಂಪನಿ ಅದನ್ನು ವಾಪಸ್ ಪಡೆಯುವ ಹೊತ್ತಿಗೆ ಜಗತ್ತಿನಲ್ಲಿ ಸುಮಾರು 93,000, ಭಾರತದಲ್ಲಿ ಸುಮಾರು 4,700 ಕೀಲುಗಳು ಕೂತಿದ್ದವು. ನಮ್ಮ ಕೇಂದ್ರ ಸರ್ಕಾರ ತಜ್ಞರ ಸಮಿತಿ ಮಾಡಿದ್ದು 2017ರಲ್ಲಿ. ಕನಿಷ್ಠ 20 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದ ಆ ಸಮಿತಿಯ ಲೆಕ್ಕದಲ್ಲಿ 3,600ರಷ್ಟು ರೋಗಿಗಳ ಪತ್ತೆಯೇ ಇರಲಿಲ್ಲ. ಕ್ರೇವನ್ನನ ಮೂರು ವಾರದ ತಾಳ್ಮೆ ಮಾರುವ ಅವಸರಕ್ಕೆ ಇರಲಿಲ್ಲ, ಅಷ್ಟೇ.

2004ರಿಂದ 2010ರೊಳಗೆ ನಿಮ್ಮ ಮನೆಯಲ್ಲಿ ಯಾರಿಗಾದರೂ ಸೊಂಟದ ಕೀಲು ಹಾಕಿಸಿದ್ದರೆ ಆಸ್ಪತ್ರೆಯ ಫೈಲು ತೆಗೆದು ನೋಡಿ. ಕೀಲಿನ ಹೆಸರು, ನಂಬರು ಇರುವ ಸಣ್ಣ ಸ್ಟಿಕ್ಕರು ಅಂಟಿಸಿರುತ್ತಾರೆ. ಎಎಸ್‌ಆರ್ ಎಂದಿದ್ದರೆ ನೋವಿಲ್ಲವೆಂದು ಸುಮ್ಮನಿರದೆ ಮೂಳೆ ಡಾಕ್ಟರನ್ನು ಕಂಡು, ರಕ್ತದಲ್ಲಿ ಕೋಬಾಲ್ಟ್, ಕ್ರೋಮಿಯಂ ಎಷ್ಟಿದೆಯೆಂದು ಪರೀಕ್ಷೆ ಮಾಡಿಸಿ. ಈಗ ಹಾಕಿಸಿಕೊಳ್ಳುವವರೂ ಆ ಸ್ಟಿಕ್ಕರನ್ನು ಕೇಳಿ ಪಡೆದು ಜೋಪಾನವಾಗಿ ಇಟ್ಟುಕೊಳ್ಳಿ.