ಭಯ ಮತ್ತು ನೆನಪಿನ ಮಿದುಳು ಸಂಶೋಧನೆ, ಬೆಂಗಳೂರು

ಭಯ ಮತ್ತು ನೆನಪಿನ ಮಿದುಳು ಸಂಶೋಧನೆ, ಬೆಂಗಳೂರು: ಭಯ, ಒತ್ತಡ ಮತ್ತು ನೆನಪು ಮಿದುಳಿನ ನರಜಾಲಗಳನ್ನು ಹೇಗೆ ಬದಲಾಯಿಸುತ್ತವೆ ಎಂಬುದನ್ನು ಕುರಿತು ಬೆಂಗಳೂರಿನ ಸಂಸ್ಥೆಗಳಲ್ಲಿ ನಡೆದ ಅಧ್ಯಯನಗಳ ಪರಂಪರೆ. ಒತ್ತಡಕ್ಕೆ ಸಿಕ್ಕ ಮಿದುಳಿನಲ್ಲಿ ನೆನಪಿನ ನರಜಾಲ ಸೊರಗುತ್ತದೆ, ಭಯದ ನರಜಾಲ ಬೆಳೆಯುತ್ತದೆ. ಒತ್ತಡ ಕಳೆದ ಮೇಲೆ ಮೊದಲನೆಯದು ಚೇತರಿಸಿಕೊಂಡರೂ ಎರಡನೆಯದು ಹಾಗೆಯೇ ಉಳಿಯುತ್ತದೆ. ಪ್ರಾಣಿಗಳ ಮೇಲಿನ ಪ್ರಯೋಗಗಳಿಂದ ಹೊರಬಂದ ಈ ತಿಳಿವಳಿಕೆ ಇಲ್ಲಿನ ಮುಖ್ಯ ಕೊಡುಗೆ. ರಾಷ್ಟ್ರೀಯ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ (ನಿಮ್ಹಾನ್ಸ್) ಮತ್ತು ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ (ಎನ್‌ಸಿಬಿಎಸ್) ಇದರ ಎರಡು ನೆಲೆಗಳು. ನರವಿಜ್ಞಾನಿ ಸುಮಂತ್ರ ಚಟರ್ಜಿ ಇದರ ಪ್ರಮುಖ ಸಂಶೋಧಕರು.

ಹಿನ್ನೆಲೆ

ನೆನಪಿಗೆ ಮಿದುಳಿನಲ್ಲಿ ನಿರ್ದಿಷ್ಟ ಜಾಗವುಂಟು ಎಂಬುದು ಸ್ಪಷ್ಟವಾದದ್ದು ಅಮೆರಿಕದ ಹೆನ್ರಿ ಮೊಲೈಸನ್ ಎಂಬ ರೋಗಿಯಿಂದ. ಮೂರ್ಛೆರೋಗ ತಡೆಯಲೆಂದು 1953ರಲ್ಲಿ ಅವರ ಮಿದುಳಿನ ಎರಡೂ ಬದಿಯ ಹಿಪ್ಪೊಕ್ಯಾಂಪಸ್ ಭಾಗವನ್ನು ಬಹುಮಟ್ಟಿಗೆ ತೆಗೆದುಹಾಕಲಾಯಿತು. ಅಲ್ಲಿಂದ ಮುಂದೆ ಅವರಿಗೆ ಹೊಸ ಘಟನೆ ಯಾವುದೂ ನೆನಪಿನಲ್ಲಿ ನಿಲ್ಲಲಿಲ್ಲ. ಮೊಲೈಸನ್ ಅವರನ್ನು ಮನೋವಿಜ್ಞಾನಿ ಬ್ರೆಂಡಾ ಮಿಲ್ನರ್ ದಶಕಗಳ ಕಾಲ ಪರೀಕ್ಷಿಸಿದರು. ಹಿಪ್ಪೊಕ್ಯಾಂಪಸ್‌ನ ಮುಂಬದಿಯಲ್ಲೇ ಬಾದಾಮಿಯಷ್ಟು ದೊಡ್ಡದಾದ ಅಮಿಗ್ಡಲ ಇದೆ. ಶಬ್ದವೊಂದನ್ನು ಅಪಾಯದ ಜೊತೆ ಕೂಡಿಸಿ ಕಲಿಯುವ ಕೆಲಸ ಇಲ್ಲಿ ನಡೆಯುತ್ತದೆ ಎಂಬುದನ್ನು 1980ರ ದಶಕದಿಂದ ಜೋಸೆಫ್ ಲೆಡೂ ಮತ್ತಿತರರು ಇಲಿಗಳಲ್ಲಿ ತೋರಿಸಿದರು. ಒತ್ತಡದ ಹಾರ್ಮೋನು ಹಿಪ್ಪೊಕ್ಯಾಂಪಸ್‌ಗೆ ಹೋಗಿ ಅಂಟಿಕೊಳ್ಳುತ್ತದೆ ಎಂಬುದನ್ನು ನ್ಯೂಯಾರ್ಕಿನ ರಾಕೆಫೆಲರ್ ವಿಶ್ವವಿದ್ಯಾಲಯದ ಬ್ರೂಸ್ ಮೆಕ್ಯೂಎನ್ 1968ರಲ್ಲೇ ಕಂಡಿದ್ದರು. ದೀರ್ಘಕಾಲದ ಒತ್ತಡ ಅಲ್ಲಿನ ನರಕೋಶಗಳ ಕವಲುಗಳನ್ನು ಮೊಟಕು ಮಾಡುತ್ತದೆ ಎಂಬುದು 1990ರ ದಶಕದ ಆರಂಭದಲ್ಲಿ ಅವರ ಬಳಗದಿಂದಲೇ ಗೊತ್ತಾಯಿತು.

ನಿಮ್ಹಾನ್ಸ್‌ನ ತಳಹದಿ

ಮೈಸೂರು ಸಂಸ್ಥಾನದ ಕಾಲದ ಮಾನಸಿಕ ಆಸ್ಪತ್ರೆಯೂ 1954ರಲ್ಲಿ ಆರಂಭವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೂ 1974ರ ಡಿಸೆಂಬರಿನಲ್ಲಿ ಒಂದಾಗಿ ನಿಮ್ಹಾನ್ಸ್ ಆಯಿತು. ರೋಗಿಗಳನ್ನು ನೋಡುವ ಆವರಣದಲ್ಲೇ ಮಿದುಳಿನ ಮೂಲ ಸಂಶೋಧನೆಯೂ ನಡೆಯುವುದು ಈ ಸಂಸ್ಥೆಯ ವೈಶಿಷ್ಟ್ಯ. 1984ರ ಭೋಪಾಲ್ ಅನಿಲ ದುರಂತದ ಬಳಿಕ ಬದುಕುಳಿದವರ ಮಾನಸಿಕ ಆರೈಕೆಗೆ ಸ್ಥಳೀಯ ವೈದ್ಯರನ್ನು ಸಜ್ಜುಗೊಳಿಸುವುದರಲ್ಲಿ ಇಲ್ಲಿನ ಆರ್. ಶ್ರೀನಿವಾಸಮೂರ್ತಿ ಮತ್ತು ಸಹೋದ್ಯೋಗಿಗಳ ಪಾತ್ರವಿತ್ತು.

ಪ್ರಯೋಗಾಲಯದ ಕಡೆ ಟಿ. ದೇಸಿರಾಜು, ಟಿ. ಆರ್. ರಾಜು, ಬಿ. ಎಸ್. ಶಂಕರನಾರಾಯಣ ರಾವ್ ಮೊದಲಾದವರು ಗಾಲ್ಜಿ ವರ್ಣಲೇಪನ ವಿಧಾನದಲ್ಲಿ ಪಳಗಿದ್ದರು. ಇಟಲಿಯ ಕಮಿಲ್ಲೊ ಗಾಲ್ಜಿ 1873ರಲ್ಲಿ ಪ್ರಕಟಿಸಿದ ವಿಧಾನವಿದು. ಮಿದುಳಿನ ತುಂಡನ್ನು ಪೊಟ್ಯಾಸಿಯಂ ಡೈಕ್ರೋಮೇಟ್ ದ್ರಾವಣದಲ್ಲಿ ದಿನಗಟ್ಟಲೆ ನೆನೆಸಿ, ಆಮೇಲೆ ಸಿಲ್ವರ್ ನೈಟ್ರೇಟ್‌ಗೆ ಹಾಕಿದರೆ ನೂರರಲ್ಲಿ ಕೆಲವೇ ನರಕೋಶಗಳು ಕಪ್ಪು ಬಣ್ಣ ಹಿಡಿಯುತ್ತವೆ. ಯಾವ ಕೋಶ ಬಣ್ಣ ಹಿಡಿಯುತ್ತದೆ ಎಂಬುದು ಇಂದಿಗೂ ಸಂಶೋಧಕನ ಕೈಯಲ್ಲಿಲ್ಲ. ಎಲ್ಲವೂ ಬಣ್ಣ ಹಿಡಿದಿದ್ದರೆ ಗಾಜಿನ ಮೇಲೆ ಬರಿಯ ಕಪ್ಪು ಮುದ್ದೆ ಕಾಣುತ್ತಿತ್ತು. ಕೆಲವೇ ಹಿಡಿಯುವುದರಿಂದ ಒಂದೊಂದು ಕೋಶದ ಕವಲುಗಳೂ ತುದಿಯವರೆಗೆ ಬಿಡಿಬಿಡಿಯಾಗಿ ಕಾಣುತ್ತವೆ. ಸೂಕ್ಷ್ಮದರ್ಶಕಕ್ಕೆ ಜೋಡಿಸಿದ ಕ್ಯಾಮೆರಾ ಲೂಸಿಡಾ ಮೂಲಕ ಅದನ್ನು ಕಾಗದಕ್ಕೆ ಇಳಿಸಿಕೊಂಡು, ಕೋಶದ ಒಡಲನ್ನೇ ಕೇಂದ್ರವಾಗಿಟ್ಟು ಒಂದರ ಸುತ್ತ ಒಂದು ವೃತ್ತ ಎಳೆದು, ಪ್ರತಿ ವೃತ್ತವನ್ನು ಎಷ್ಟು ಕವಲುಗಳು ದಾಟುತ್ತವೆ ಎಂದು ಎಣಿಸಬೇಕು. ಕವಲಿನ ಮೈಮೇಲಿನ ಸಣ್ಣ ಮುಳ್ಳುಗಳನ್ನೂ ಲೆಕ್ಕ ಹಾಕಬೇಕು. ಎರಡು ನರಕೋಶಗಳು ಸಂಧಿಸುವ ಸಿನಾಪ್ಸ್ ಹೆಚ್ಚಾಗಿ ಇರುವುದು ಈ ಮುಳ್ಳುಗಳ ಮೇಲೆ.

ಸುಖದ ಅನುಭವ ಇಲಿಯ ಹಿಪ್ಪೊಕ್ಯಾಂಪಸ್‌ನಲ್ಲಿ ಕವಲುಗಳನ್ನು ಬೆಳೆಸುತ್ತದೆ ಎಂದು ರಾವ್, ದೇಸಿರಾಜು ಮತ್ತು ರಾಜು 1993ರಲ್ಲಿ ಪ್ರಕಟಿಸಿದರು. ಕಟ್ಟಿಹಾಕಿದ ಇಲಿಯ ಹಿಪ್ಪೊಕ್ಯಾಂಪಸ್‌ನಲ್ಲಿ ಮುಳ್ಳುಗಳು ಬದಲಾಗುವ ಬಗೆಯನ್ನು ಇದೇ ವಿಭಾಗದ ಸುನಂದಾ ಮತ್ತು ಸಹೋದ್ಯೋಗಿಗಳು 1995ರಲ್ಲಿ ಎಣಿಸಿ ವರದಿ ಮಾಡಿದರು.

ಸುಮಂತ್ರ ಚಟರ್ಜಿ ಮತ್ತು ಎನ್‌ಸಿಬಿಎಸ್

ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಅಂಗವಾದ ಎನ್‌ಸಿಬಿಎಸ್ ಅನ್ನು ಕಟ್ಟಿದವರು ಹಣ್ಣಿನ ನೊಣಗಳ ನರವ್ಯೂಹವನ್ನು ಅಭ್ಯಸಿಸಿದ ಒಬೈದ್ ಸಿದ್ದಿಕಿ. 1990ರ ದಶಕದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಮೊದಲಾಗಿ, ಬಳಿಕ ಬಳ್ಳಾರಿ ರಸ್ತೆಯ ಜಿಕೆವಿಕೆ ಆವರಣದಲ್ಲಿ ಇದು ನೆಲೆಯೂರಿತು. ಚಟರ್ಜಿ 1999ರಲ್ಲಿ ಇಲ್ಲಿಗೆ ಬಂದರು. ಐಐಟಿ ಕಾನ್ಪುರದಲ್ಲಿ ಭೌತವಿಜ್ಞಾನ ಓದಿದ ಅವರು ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಟೆರೆನ್ಸ್ ಸೆಜ್ನೌಸ್ಕಿ ಅವರ ಮಾರ್ಗದರ್ಶನದಲ್ಲಿ ಪಿಎಚ್.ಡಿ. ಪಡೆದವರು, ಆಗಿನ ವಿಷಯ ಹಿಪ್ಪೊಕ್ಯಾಂಪಸ್‌ನ ಸಿನಾಪ್ಸ್‌ಗಳು ಬಲಗೊಳ್ಳುವ ಬಗೆ. ಯೇಲ್‌ನಲ್ಲಿಯೂ ಎಂಐಟಿಯಲ್ಲಿಯೂ ಮುಂದಿನ ಸಂಶೋಧನೆ ಮಾಡಿದ್ದರು. ಬೆಂಗಳೂರಿಗೆ ಬಂದ ಮೇಲೆ ಅವರ ಗಮನ ಅಮಿಗ್ಡಲದತ್ತ ಹೊರಳಿತು. ಒತ್ತಡದ ಅಧ್ಯಯನ ಅದುವರೆಗೆ ಹೆಚ್ಚಾಗಿ ಹಿಪ್ಪೊಕ್ಯಾಂಪಸ್ ಸುತ್ತಲೇ ನಡೆದಿತ್ತು.

2002ರ ಪ್ರಯೋಗ

ಅಜಯ್ ವ್ಯಾಸ್, ರೂಪ್ಶಿ ಮಿತ್ರಾ, ಶಂಕರನಾರಾಯಣ ರಾವ್ ಮತ್ತು ಚಟರ್ಜಿ 2002ರಲ್ಲಿ 'ಜರ್ನಲ್ ಆಫ್ ನ್ಯೂರೋಸೈನ್ಸ್'ನಲ್ಲಿ ಪ್ರಕಟಿಸಿದ ಲೇಖನ ಈ ಕ್ಷೇತ್ರದ ತಿರುವು. ಇಲಿಗಳನ್ನು ದಿನಕ್ಕೆ 2 ಗಂಟೆಯಂತೆ 10 ದಿನ ಅಲುಗಾಡದಂತೆ ಹಿಡಿದಿಟ್ಟು, ಒಂದೇ ಪ್ರಾಣಿಯ ಎರಡು ಭಾಗಗಳನ್ನು ಹೋಲಿಸಲಾಯಿತು. ಹಿಪ್ಪೊಕ್ಯಾಂಪಸ್‌ನ ಸಿಎ3 ಎಂಬ ಭಾಗದ ಕೋಶಗಳ ಕವಲುಗಳು ಕುಗ್ಗಿದ್ದವು. ಅಮಿಗ್ಡಲದ ಕೋಶಗಳಲ್ಲಿ ಅವು ಉದ್ದವಾಗಿ ಹರಡಿದ್ದವು. ಒತ್ತಡವೆಂದರೆ ಮಿದುಳಿಗೆಲ್ಲ ಒಂದೇ ಬಗೆಯ ಸವಕಳಿ ಎಂಬ ಭಾವನೆಗೆ ಇದು ಪೆಟ್ಟು ಕೊಟ್ಟಿತು.

ಎರಡು ವರ್ಷಗಳ ಬಳಿಕ ಇದೇ ಪ್ರಯೋಗಾಲಯ ಒತ್ತಡ ಮುಗಿದ ಇಲಿಗಳಿಗೆ 21 ದಿನ ವಿಶ್ರಾಂತಿ ಕೊಟ್ಟು ನೋಡಿತು. ಹಿಪ್ಪೊಕ್ಯಾಂಪಸ್ ಮೊದಲಿನಂತಾಯಿತು, ಅಮಿಗ್ಡಲದ ಬೆಳವಣಿಗೆ ಇಳಿಯಲಿಲ್ಲ. ನೆಲದಿಂದ ಎತ್ತರದಲ್ಲಿಟ್ಟ, ಎರಡು ತೋಳಿಗೆ ಗೋಡೆಯಿದ್ದು ಎರಡು ತೋಳು ಬಯಲಾಗಿರುವ ಪ್ಲಸ್ ಆಕಾರದ ಹಾದಿಯ ಮೇಲೆ ಬಿಟ್ಟಾಗ ಆ ಇಲಿಗಳು ಆಗಲೂ ಬಯಲು ತೋಳಿಗೆ ಕಾಲಿಡಲು ಹಿಂಜರಿಯುತ್ತಿದ್ದವು.

ತಡವಾಗಿ ಬರುವ ಆತಂಕ

ಒಂದೇ ಒಂದು ಆಘಾತ ಏನು ಮಾಡುತ್ತದೆ ಎಂಬುದು ಮುಂದಿನ ಪ್ರಶ್ನೆ. 2005ರಲ್ಲಿ ಮೆಕ್ಯೂಎನ್ ಅವರೊಂದಿಗೆ ಪ್ರಕಟವಾದ ಅಧ್ಯಯನದಲ್ಲಿ ಇಲಿಗಳನ್ನು ಒಂದು ಸಲ ಮಾತ್ರ 2 ಗಂಟೆ ಹಿಡಿದಿಡಲಾಗಿತ್ತು. ಮರುದಿನ ಅಮಿಗ್ಡಲದ ಮುಳ್ಳುಗಳಲ್ಲಿ ಹೆಚ್ಚಳ ಕಾಣಲಿಲ್ಲ. 10 ದಿನ ಕಳೆದ ಮೇಲೆ ಮುಳ್ಳುಗಳೂ ಹೆಚ್ಚಿದ್ದವು, ಆತಂಕವೂ ಹೆಚ್ಚಿತ್ತು. ಅಪಘಾತ, ಹಿಂಸೆ ಕಂಡವರಲ್ಲಿ ವಾರಗಳ ಬಳಿಕ ತಲೆದೋರುವ ಆಘಾತೋತ್ತರ ಒತ್ತಡಕ್ಕೆ ಇದು ಪ್ರಯೋಗಾಲಯದ ಮಾದರಿಯಾಯಿತು. ಆಘಾತದ ಹೊತ್ತಿನಲ್ಲಿ ಒತ್ತಡದ ಹಾರ್ಮೋನು ಸಾಕಷ್ಟಿದ್ದರೆ 10 ದಿನಗಳ ಬಳಿಕದ ಈ ಬದಲಾವಣೆ ತಪ್ಪುತ್ತದೆ ಎಂದು 2012ರ ಇನ್ನೊಂದು ಲೇಖನ ತೋರಿಸಿತು. ಕೆಡುಕೆಂದೇ ಹೆಸರಾದ ಹಾರ್ಮೋನು ಸಮಯಕ್ಕೆ ಒದಗಿದರೆ ಕಾಪಾಡಲೂಬಹುದು ಎಂಬ ಈ ಫಲಿತಾಂಶ ಚಿಕಿತ್ಸೆಯ ಚರ್ಚೆಗೂ ದಾರಿಮಾಡಿತು.

ಭಯ ಹಬ್ಬುವ ಬಗೆ

ಹಾವು ಕಚ್ಚಿಸಿಕೊಂಡವನು ಹಗ್ಗಕ್ಕೂ ಹೆದರುವುದೇಕೆ? ಸುಪ್ರಿಯ ಘೋಷ್ ಮತ್ತು ಚಟರ್ಜಿ 2015ರಲ್ಲಿ 'ನೇಚರ್ ನ್ಯೂರೋಸೈನ್ಸ್'ನಲ್ಲಿ ಇದಕ್ಕೆ ಉತ್ತರ ಹುಡುಕಿದರು. ಇಲಿಗೆ ಎರಡು ಬೇರೆ ಬೇರೆ ಶಬ್ದ ಕೇಳಿಸಿ, ಒಂದರ ಜೊತೆ ಮಾತ್ರ ಕಾಲಿಗೆ ವಿದ್ಯುತ್ ಆಘಾತ ಕೊಟ್ಟರು. ಆಘಾತ ಸಣ್ಣದಾಗಿದ್ದಾಗ ಇಲಿ ಆ ಶಬ್ದಕ್ಕೆ ಮಾತ್ರ ಮರಗಟ್ಟಿ ನಿಲ್ಲುತ್ತಿತ್ತು. ಜೋರಾಗಿದ್ದಾಗ ಅಪಾಯವಿಲ್ಲದ ಶಬ್ದಕ್ಕೂ ಹಾಗೆಯೇ ನಿಂತಿತು. ಅಮಿಗ್ಡಲದ ಒಂದೊಂದೇ ನರಕೋಶದ ಸಂಕೇತವನ್ನು ದಾಖಲಿಸಿದಾಗ, ಮೊದಲು ಎರಡು ಶಬ್ದಗಳನ್ನು ಬೇರ್ಪಡಿಸುತ್ತಿದ್ದ ಕೋಶಗಳು ಎರಡಕ್ಕೂ ಮಿಡಿಯತೊಡಗಿದ್ದು ಕಂಡಿತು. ಅಮಿಗ್ಡಲದಿಂದ ಹಿಪ್ಪೊಕ್ಯಾಂಪಸ್‌ನತ್ತ ಹರಿಯುವ ಪ್ರಭಾವ ಒತ್ತಡದ ಬಳಿಕ ಬಲಗೊಳ್ಳುತ್ತದೆ ಎಂಬುದನ್ನು ಇದೇ ಬಳಗ 2013ರಲ್ಲಿ ವರದಿ ಮಾಡಿತ್ತು.

ಫ್ರಜೈಲ್ ಎಕ್ಸ್

ಅನುವಂಶೀಯ ಬೌದ್ಧಿಕ ಅಸಾಮರ್ಥ್ಯಕ್ಕೆ ಪ್ರಮುಖ ಕಾರಣವಾದ ಫ್ರಜೈಲ್ ಎಕ್ಸ್ ಸಿಂಡ್ರೋಮ್ ಚಟರ್ಜಿಯವರ ಇನ್ನೊಂದು ವಿಷಯ. ಇದರಲ್ಲಿ ಆತಂಕವೂ ಸಾಮಾನ್ಯ ಲಕ್ಷಣ. ಎಂಐಟಿಯ ಸುಸುಮು ಟೊನೆಗಾವ ಜೊತೆಗಿನ 2007ರ ಅಧ್ಯಯನದಲ್ಲಿ ಚಟರ್ಜಿ, ರಾವ್ ಇಬ್ಬರೂ ಭಾಗಿಗಳು. ಈ ರೋಗದ ಮಾದರಿ ಇಲಿಗಳ ಅಮಿಗ್ಡಲದಲ್ಲಿ ಸಿನಾಪ್ಸ್ ದೋಷಗಳಿವೆ, ಅವನ್ನು ಔಷಧದಿಂದ ಸರಿಪಡಿಸಲು ಸಾಧ್ಯ ಎಂದು 2010ರಲ್ಲಿ ಬೆಂಗಳೂರಿನ ಬಳಗ ತೋರಿಸಿತು.

ಶಿಷ್ಯರು ಮತ್ತು ಇತರ ಪ್ರಯೋಗಾಲಯಗಳು

ವ್ಯಾಸ್ ಮುಂದೆ ಸ್ಟ್ಯಾನ್‌ಫರ್ಡ್‌ನಲ್ಲಿ, ಟಾಕ್ಸೊಪ್ಲಾಸ್ಮಾ ಪರಾವಲಂಬಿ ಹೊಕ್ಕ ಇಲಿ ಬೆಕ್ಕಿನ ವಾಸನೆಗೆ ಹೆದರುವುದನ್ನೇ ಬಿಡುತ್ತದೆ ಎಂಬುದನ್ನು ಅಭ್ಯಸಿಸಿ, ಬಳಿಕ ಸಿಂಗಪುರದಲ್ಲಿ ಪ್ರಾಧ್ಯಾಪಕರಾದರು. 2005ರ ಲೇಖನದ ಸಹಲೇಖಕ ಶಂತನು ಜಾಧವ್ ಅಮೆರಿಕದಲ್ಲಿ ಹಿಪ್ಪೊಕ್ಯಾಂಪಸ್ ಮತ್ತು ನೆನಪಿನ ಸಂಶೋಧಕರು. ಎನ್‌ಸಿಬಿಎಸ್‌ನಲ್ಲೇ ಉಪಿಂದರ್ ಭಲ್ಲಾ, ಕಲಿಕೆಯ ವೇಳೆ ಹಿಪ್ಪೊಕ್ಯಾಂಪಸ್‌ನ ಕೋಶಗಳು ಒಂದರ ಹಿಂದೆ ಒಂದು ಸರದಿಯಲ್ಲಿ ಮಿಡಿಯುವುದನ್ನು 2014ರಲ್ಲಿ ತೋರಿಸಿದರು. ವಿಜಯಲಕ್ಷ್ಮಿ ರವೀಂದ್ರನಾಥ್ ನೇತೃತ್ವದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ನರವಿಜ್ಞಾನ ಕೇಂದ್ರ 2009ರಲ್ಲಿ ಆರಂಭವಾಯಿತು. ಅದೇ ಆವರಣದ ಮಿದುಳು ಸಂಶೋಧನಾ ಕೇಂದ್ರ, ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ 45 ದಾಟಿದವರ ನೆನಪು ಮತ್ತು ಗ್ರಹಣಶಕ್ತಿಯನ್ನು ವರ್ಷಗಟ್ಟಲೆ ಗಮನಿಸುವ ಅಧ್ಯಯನ ನಡೆಸುತ್ತಿದೆ. ಚಟರ್ಜಿ ಬಳಿಕ ಕೋಲ್ಕತ್ತಾಕ್ಕೆ ತೆರಳಿ ಅಲ್ಲಿ ನರವಿಜ್ಞಾನ ಕೇಂದ್ರವೊಂದರ ಹೊಣೆ ಹೊತ್ತರು.

ಮಿತಿಗಳು

ಈ ಫಲಿತಾಂಶಗಳು ಹೆಚ್ಚಾಗಿ ಗಂಡು ಇಲಿಗಳವು. ಮನುಷ್ಯರಲ್ಲಿ ಆತಂಕ, ಖಿನ್ನತೆ ಹೆಂಗಸರಲ್ಲೇ ಹೆಚ್ಚು ಕಾಣುವುದರಿಂದ ಇದು ಸಣ್ಣ ಕೊರತೆಯಲ್ಲ. ಬದುಕಿರುವ ಮನುಷ್ಯನ ಅಮಿಗ್ಡಲದಲ್ಲಿ ಮುಳ್ಳುಗಳನ್ನು ಎಣಿಸುವ ದಾರಿ ಇಲ್ಲ; ಸ್ಕ್ಯಾನ್‌ನಲ್ಲಿ ಮುಖ್ಯವಾಗಿ ಕಾಣುವುದು ಆ ಭಾಗದ ಗಾತ್ರ ಮತ್ತು ಚಟುವಟಿಕೆ. ಸೊರಗಿದ ಹಿಪ್ಪೊಕ್ಯಾಂಪಸ್ ಸುಖದ ಅನುಭವದಿಂದ ಚಿಗುರುತ್ತದೆ ಎಂದು ನಿಮ್ಹಾನ್ಸ್‌ನ ರಾವ್, ರಾಜು ಬಳಗ 2008ರಲ್ಲಿ ಇಲಿಗಳಲ್ಲಿ ತೋರಿಸಿತು. ವಿಶ್ರಾಂತಿಗೆ ಬಗ್ಗದ ಅಮಿಗ್ಡಲವನ್ನು ಹಿಂದಿನ ಸ್ಥಿತಿಗೆ ತರುವುದು ಅದಕ್ಕಿಂತ ಕಷ್ಟದ ಕೆಲಸ. ನೆನಪು ಕುಂದುವುದನ್ನು ತಡೆಯುವ ಚಿಕಿತ್ಸೆಯೇ ಭಯವನ್ನೂ ಇಳಿಸುತ್ತದೆಂದು ಎಣಿಸುವಂತಿಲ್ಲ. ಎರಡಕ್ಕೂ ಬೇರೆ ಬೇರೆ ಮದ್ದು ಬೇಕಾಗಬಹುದು ಎಂಬುದು ಈ ಸಂಶೋಧನೆಗಳಿಂದ ಹೊರಡುವ ತೀರ್ಮಾನ.