ಕಸಿಯ ನಂತರದ ಏಳು ದಿನಗಳು

ರಕ್ತ ಹೆಪ್ಪುಗಟ್ಟಲು ಬೇಕಾದ ಪ್ರೋಟೀನುಗಳನ್ನು ತಯಾರಿಸುವುದು, ಬಿಲಿರುಬಿನ್ ಎಂಬ ಹಳದಿ ವಸ್ತುವನ್ನು ಪಿತ್ತರಸದ ಮೂಲಕ ಹೊರಹಾಕುವುದು, ವಿಷವಸ್ತುಗಳನ್ನು ನಿವಾರಿಸುವುದು - ಇವು ಯಕೃತ್ತಿನ ಮುಖ್ಯ ಕೆಲಸಗಳು. ಮೂತ್ರಪಿಂಡ ಕೆಟ್ಟವರು ಡಯಾಲಿಸಿಸ್ ನೆರವಿನಿಂದ ವರ್ಷಗಟ್ಟಲೆ ಬದುಕಬಹುದು. ಯಕೃತ್ತಿಗೆ ಅಂತಹ ಬದಲಿ ಯಂತ್ರವಿಲ್ಲ. ಆದ್ದರಿಂದ ಕಸಿ ಮಾಡಿದ ಯಕೃತ್ತು ಕೈಕೊಡಲಿದೆಯೇ ಎಂಬುದನ್ನು ವೈದ್ಯರು ಬೇಗನೆ ಅರಿಯಬೇಕು. ಈ ಮುನ್ನರಿವು ಬೆಳೆದುಬಂದ ಬಗೆಯನ್ನು ಇಲ್ಲಿ ನೋಡೋಣ.

1963ರ ಮಾರ್ಚ್ 1ರಂದು ಅಮೆರಿಕದ ಡೆನ್ವರ್ ನಗರದಲ್ಲಿ ಥಾಮಸ್ ಸ್ಟಾರ್ಜಲ್ ಮನುಷ್ಯನಲ್ಲಿ ಮೊದಲ ಯಕೃತ್ ಕಸಿಯನ್ನು ಕೈಗೊಂಡರು. ರೋಗಿ ಮೂರು ವರ್ಷದ ಮಗು. ತೀವ್ರ ರಕ್ತಸ್ರಾವದಿಂದ ಮಗು ಶಸ್ತ್ರಚಿಕಿತ್ಸೆಯ ವೇಳೆಯಲ್ಲೇ ತೀರಿಕೊಂಡಿತು. ಆ ವರ್ಷದ ಇತರ ರೋಗಿಗಳೂ ಒಂದು ತಿಂಗಳು ಕಾಣಲಿಲ್ಲ. 1967ರಲ್ಲಿ ಕಸಿ ಪಡೆದ ಒಂದು ಮಗು ಒಂದು ವರ್ಷಕ್ಕೂ ಮೀರಿ ಬದುಕಿತು. ದೇಹವು ಹೊಸ ಅಂಗವನ್ನು ತಿರಸ್ಕರಿಸದಂತೆ ತಡೆಯುವ ಸೈಕ್ಲೋಸ್ಪೋರಿನ್ ಔಷಧ 1980ರ ಸುಮಾರಿಗೆ ಬಳಕೆಗೆ ಬಂದ ಮೇಲೆ ಬದುಕುಳಿಯುವವರ ಸಂಖ್ಯೆ ಬಹಳವಾಗಿ ಏರಿತು.

ಕಸಿ ಯಶಸ್ವಿಯಾದಂತೆ ಬೇಡಿಕೆ ಹೆಚ್ಚಿತು. ದಾನಿಗಳು ಮಾತ್ರ ಕಡಿಮೆ. ಯಾರಿಗೆ ಮೊದಲು ಕೊಡಬೇಕು? 1964ರ ಚೈಲ್ಡ್-ಟರ್ಕಾಟ್ ವರ್ಗೀಕರಣವನ್ನು 1973ರಲ್ಲಿ ಪ್ಯೂ ಪರಿಷ್ಕರಿಸಿದ್ದರು. ಹೊಟ್ಟೆಯಲ್ಲಿ ನೀರು ಎಷ್ಟು ತುಂಬಿದೆ, ರೋಗಿಯ ಪ್ರಜ್ಞೆ ಎಷ್ಟು ಮಂಕಾಗಿದೆ ಎಂಬುದೂ ಅದರಲ್ಲಿ ಸೇರಿತ್ತು. ಇಂತಹ ಅಂದಾಜುಗಳು ವೈದ್ಯರಿಂದ ವೈದ್ಯರಿಗೆ ಬೇರೆಯಾಗಬಹುದು. ಬಿಲಿರುಬಿನ್, ಕ್ರಿಯಾಟಿನಿನ್ ಮತ್ತು ರಕ್ತ ಹೆಪ್ಪುಗಟ್ಟುವ ಅಳತೆಯಾದ ಐಎನ್‌ಆರ್ - ಈ ಮೂರು ರಕ್ತಪರೀಕ್ಷೆಗಳನ್ನೇ ಆಧರಿಸಿದ 'ಮೆಲ್ಡ್' ಅಂಕವನ್ನು 2002ರ ಫೆಬ್ರವರಿಯಿಂದ ಅಮೆರಿಕವು ಅಂಗಹಂಚಿಕೆಗೆ ಬಳಸತೊಡಗಿತು. ಮುಂದೆ ಅದಕ್ಕೆ ಸೋಡಿಯಂ ಮೊದಲಾದ ಅಂಶಗಳೂ ಸೇರಿದವು.

ವಿದ್ಯಾರ್ಥಿಗಳು ಇಲ್ಲೊಂದು ವ್ಯತ್ಯಾಸವನ್ನು ಗಮನಿಸಬೇಕು. ಕಸಿ ಸಿಗದಿದ್ದರೆ ಮೂರು ತಿಂಗಳಲ್ಲಿ ರೋಗಿಗೆ ಎಷ್ಟು ಅಪಾಯವಿದೆ ಎಂಬುದನ್ನು ಮೆಲ್ಡ್ ಚೆನ್ನಾಗಿ ಹೇಳುತ್ತದೆ. ಕಸಿಯ ನಂತರ ಏನಾಗುವುದು ಎಂಬುದನ್ನು ಅಷ್ಟು ಚೆನ್ನಾಗಿ ಹೇಳಲಾರದು. ಏಕೆಂದರೆ ಆಗ ದಾನಿಯ ವಯಸ್ಸು, ಯಕೃತ್ತಿನಲ್ಲಿನ ಕೊಬ್ಬು, ಅದು ಮಂಜುಗಡ್ಡೆಯ ತಂಪಿನಲ್ಲಿ ಕಳೆದ ಗಂಟೆಗಳು ಇವೆಲ್ಲ ಲೆಕ್ಕಕ್ಕೆ ಬರುತ್ತವೆ.

ಈ ಕೊರತೆ ತುಂಬಲು 2010ರಲ್ಲಿ ಕಿಮ್ ಓಲ್ತಾಫ್ ಮತ್ತು ಸಂಗಡಿಗರು ಅಮೆರಿಕದ ಮೂರು ಕೇಂದ್ರಗಳ 300 ರೋಗಿಗಳನ್ನು ಅಭ್ಯಸಿಸಿದರು. ಏಳನೆಯ ದಿನ ಬಿಲಿರುಬಿನ್ ಡೆಸಿಲೀಟರಿಗೆ 10 ಮಿಲಿಗ್ರಾಂ ಅಥವಾ ಹೆಚ್ಚು; ಅದೇ ದಿನ ಐಎನ್‌ಆರ್ 1.6 ಅಥವಾ ಹೆಚ್ಚು. ಮೊದಲ ವಾರದಲ್ಲಿ ಹಾನಿಗೊಂಡ ಜೀವಕೋಶಗಳಿಂದ ಸೋರುವ ಕಿಣ್ವಗಳ ಮಟ್ಟ ಲೀಟರಿಗೆ 2000 ಘಟಕಗಳಿಗಿಂತ ಹೆಚ್ಚು - ಇವುಗಳಲ್ಲಿ ಒಂದಿದ್ದರೂ ಹೊಸ ಯಕೃತ್ತು ಆರಂಭದಲ್ಲೇ ಕುಂಟುತ್ತಿದೆ ಎಂದರ್ಥ. ಶೇಕಡ 23.2 ರೋಗಿಗಳಲ್ಲಿ ಹೀಗಾಗಿತ್ತು. ಆರು ತಿಂಗಳೊಳಗೆ ಇವರಲ್ಲಿ ಶೇಕಡ 18.8 ಮಂದಿ ತೀರಿಕೊಂಡರು. ಉಳಿದವರಲ್ಲಿ ಶೇಕಡ 1.8 ಮಾತ್ರ. ಯಕೃತ್ತು ಕೆಲಸವನ್ನೇ ಆರಂಭಿಸದಿದ್ದರೆ ಕೆಲವೇ ದಿನಗಳಲ್ಲಿ ಎರಡನೆಯ ಕಸಿ ಬೇಕಾಗುತ್ತದೆ. ಮೊದಲ ವಾರದ ಎಚ್ಚರಕ್ಕೆ ಅಷ್ಟು ಬೆಲೆ ಬಂದಿರುವುದು ಇದರಿಂದಲೇ.

ಭಾರತದಲ್ಲಿ 1994ರ ಕಾಯಿದೆ ಮಿದುಳಿನ ಸಾವಿಗೆ ಮಾನ್ಯತೆ ನೀಡಿತು. 1998ರಲ್ಲಿ ದೆಹಲಿಯಲ್ಲಿ ಮಗುವೊಂದಕ್ಕೆ ತಂದೆಯ ಯಕೃತ್ತಿನ ಭಾಗವನ್ನು ಕಸಿ ಮಾಡಲಾಯಿತು. ದೇಶದ ಮೊದಲ ಯಶಸ್ವಿ ಯಕೃತ್ ಕಸಿ ಅದು. ನಮ್ಮಲ್ಲಿ ಇಂದಿಗೂ ಹೆಚ್ಚಿನ ದಾನಿಗಳು ಜೀವಂತ ಬಂಧುಗಳೇ. ಹಾಗಾಗಿ ಇಲ್ಲಿ ತೂಕದ ಲೆಕ್ಕವೂ ಉಂಟು. ಕಸಿಯ ಭಾಗ ರೋಗಿಯ ತೂಕದ ಶೇಕಡ 0.8ರಷ್ಟಾದರೂ ಇರಲಿ ಎಂಬುದು ರೂಢಿಯ ನಿಯಮ. 60 ಕಿಲೋ ತೂಕದವರಿಗೆ 480 ಗ್ರಾಂ. ಹೆಚ್ಚು ತೆಗೆದರೆ ದಾನಿಗೆ ಅಪಾಯ, ಕಡಿಮೆಯಾದರೆ ರೋಗಿಗೆ.

ಅಂಕಗಳು ಹೇಳುವುದು ಒಂದು ಸಮೂಹದ ಕಥೆಯನ್ನು. 2010ರ ಅಧ್ಯಯನದಲ್ಲಿ ಹೊಸ ಯಕೃತ್ತು ಕುಂಟಿದವರಲ್ಲಿಯೂ ನೂರಕ್ಕೆ ಎಂಬತ್ತಕ್ಕಿಂತ ಹೆಚ್ಚು ಮಂದಿ ಆರು ತಿಂಗಳ ನಂತರ ಬದುಕಿದ್ದರು. ಅಪಾಯದ ಅಂಕ ಎಂದರೆ ಆ ರೋಗಿಯ ಹಾಸಿಗೆಯ ಬಳಿ ವೈದ್ಯರು ಇನ್ನಷ್ಟು ಎಚ್ಚರದಿಂದ ಇರಬೇಕು ಎಂಬ ಕರೆ.