ಏರ್‌ಗನ್‌ಗೆ ಲೈಸೆನ್ಸ್ ಬೇಡ ಅಂದ್ರೆ ಬೇಟೆ ಆಡಬಹುದು ಅಂತಲ್ಲ: ರೈತರು, ಅಂಗಡಿಯವರು ತಿಳಿದಿರಬೇಕಾದ ಕಾನೂನು

ಮೆಕ್ಕೆಜೋಳ ಹಾಲುಗಟ್ಟುವ ಹೊತ್ತಿಗೆ ಹಂದಿ ಹಿಂಡು ಬರುತ್ತೆ, ಶೇಂಗಾ ಬಲಿಯುವಾಗ ನವಿಲು, ಬಾಳೆಗೊನೆಗೆ ಮಂಗ. ಗೋದಾಮಿನಲ್ಲಿ ಇಲಿ ಕಾಟ ವರ್ಷಪೂರ್ತಿ. ಬೇಸತ್ತವರು ಕೊನೆಗೆ ಕೇಳೋದು ಒಂದೇ ಪ್ರಶ್ನೆ: "ಒಂದು ಏರ್‌ಗನ್ ತಗೊಂಡ್ರೆ ಹೇಗೆ? ಅದಕ್ಕೆ ಲೈಸೆನ್ಸ್ ಬೇಡವಂತೆ!" ಬಂದೂಕಿಗೆ ಒಂದು ಕಾನೂನು, ಪ್ರಾಣಿಗೆ ಇನ್ನೊಂದು ಕಾನೂನು. ಮೊದಲನೆಯದರಲ್ಲಿ ವಿನಾಯಿತಿ ಸಿಕ್ಕಿದವರು ಎರಡನೆಯದರಲ್ಲಿ ಸಿಕ್ಕಿಬೀಳುತ್ತಾರೆ.

ಯಾವ ಏರ್‌ಗನ್‌ಗೆ ಲೈಸೆನ್ಸ್ ಬೇಡ?

2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ನಳಿಕೆಯ ಅಳತೆ 4.5 ಮಿ.ಮೀ. (.177) ಮೀರಬಾರದು, ಹೊಡೆತದ ಶಕ್ತಿ 20 ಜೌಲ್ ಒಳಗಿರಬೇಕು. ಈ ಎರಡರಲ್ಲಿ ಒಂದು ಮೀರಿದರೂ ಲೈಸೆನ್ಸ್ ಬೇಕು. ಅಂದರೆ .22 ಅಳತೆಯ ಏರ್ ರೈಫಲ್ ಈ ವಿನಾಯಿತಿಯಲ್ಲಿ ಬರೋದಿಲ್ಲ. ಆನ್‌ಲೈನ್‌ನಲ್ಲಿ ನೋಡಿ ತರಿಸುವವರು ಎಡವೋದು ಇಲ್ಲೇ.

ಕೊಳ್ಳುವಾಗ ಬಿಲ್ ತಗೊಳ್ಳಿ. ಮಾರುವ ಅಂಗಡಿಯವರು ಗಿರಾಕಿಯ ಗುರುತು, ವಿಳಾಸದ ದಾಖಲೆ ಇಟ್ಟುಕೊಳ್ಳಿ. ನಾಳೆ ಕೇಸಾದರೆ ಮೊದಲು ಕೇಳೋದು ಅದನ್ನೇ.

.22 ರೈಫಲ್ ಬೇರೆ

ಹೆಸರಿನಲ್ಲಿ .22 ಇದ್ದರೂ ರಿಮ್‌ಫೈರ್ ರೈಫಲ್ ಪೂರ್ತಿ ಬಂದೂಕೇ. ತೋಟಾದ ಅಂಚಿನಲ್ಲಿ ಮದ್ದು ಇರುತ್ತೆ, ಪಿನ್ ಅಲ್ಲಿ ಬಡಿದಾಗ ಗುಂಡು ಹಾರುತ್ತೆ. ಸಾಮಾನ್ಯ .177 ಏರ್‌ಗನ್ ಪೆಲೆಟ್ ಅರ್ಧ ಗ್ರಾಂ ತೂಗುತ್ತೆ, ಶಕ್ತಿ ಸುಮಾರು 10 ಜೌಲ್. .22 ಗುಂಡಿನದು ಸುಮಾರು 140 ಜೌಲ್. ಗುರಿ ತಪ್ಪಿದರೆ ಅದು ಒಂದು ಕಿ.ಮೀ.ಗೂ ಆಚೆ ಹೋಗಬಲ್ಲದು, ಅಂದರೆ ಪಕ್ಕದ ಊರಿನ ಹೊಲದವರೆಗೆ. ಇದಕ್ಕೆ ಲೈಸೆನ್ಸ್ ಕಡ್ಡಾಯ.

ಬೆಳೆ ರಕ್ಷಣೆಗೆ ಅಂತ ಜಿಲ್ಲಾಧಿಕಾರಿ ಕಚೇರಿಯಿಂದ ಲೈಸೆನ್ಸ್ ಪಡೆಯಲು ಅವಕಾಶ ಇದೆ. ಆದರೆ ಅದು ಬಂದೂಕು ಇಟ್ಟುಕೊಳ್ಳಲು ಕೊಡುವ ಅನುಮತಿ, ಕಾಡುಪ್ರಾಣಿ ಹೊಡೆಯಲು ಅಲ್ಲ. ಕೊಡಗಿನಲ್ಲಿ ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಕೋವಿ ಲೈಸೆನ್ಸ್‌ನಿಂದ ವಿನಾಯಿತಿ ಇದೆ. ಅವರಿಗೂ ಬೇಟೆಗೆ ವಿನಾಯಿತಿ ಇಲ್ಲ.

ಬೇಟೆ ಅಂದರೆ ಏನು?

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಕೊಲ್ಲೋದು ಮಾತ್ರ ಬೇಟೆ ಅಲ್ಲ. ಗಾಯ ಮಾಡೋದು, ಹಿಡಿಯೋದು, ವಿಷ ಇಡೋದು, ಉರುಳು ಹಾಕೋದು, ಇವುಗಳ ಪ್ರಯತ್ನ ಕೂಡ ಬೇಟೆಯೇ. ಹಕ್ಕಿಯ ಮೊಟ್ಟೆ, ಗೂಡು ಹಾಳು ಮಾಡಿದರೂ ಅಷ್ಟೇ. "ಹೆದರಿಸೋಕೆ ಒಂದು ಪೆಲೆಟ್ ಹೊಡೆದೆ ಸಾರ್" ಅನ್ನೋ ಸಮಜಾಯಿಷಿ ನಡೆಯೋದಿಲ್ಲ.

ನವಿಲು, ಉಡ, ಚಿಪ್ಪುಹಂದಿ ಒಂದನೇ ಪಟ್ಟಿಯಲ್ಲಿವೆ. ನಮ್ಮ ಕಡೆಯ ಸಾಮಾನ್ಯ ಮಂಗ ಕೂಡ ಈಗ ಅದೇ ಪಟ್ಟಿಯಲ್ಲಿದೆ. ಕಾಡುಹಂದಿ, ಮೊಲ ಎರಡನೇ ಪಟ್ಟಿಯಲ್ಲಿವೆ. ಹಿಂದೆ ಕಾಗೆ, ಬಾವಲಿ, ಇಲಿಗಳನ್ನು ಉಪದ್ರವಿ ಜೀವಿ ಅಂತ ಐದನೇ ಪಟ್ಟಿಯಲ್ಲಿ ಇಟ್ಟಿದ್ದರು. 2022ರ ತಿದ್ದುಪಡಿಯಲ್ಲಿ ಆ ಪಟ್ಟಿಯನ್ನೇ ತೆಗೆದಿದ್ದಾರೆ. ಹಾಗಾಗಿ "ಕಾಗೆ ತಾನೇ" ಅಂತ ಹೊಡೆಯೋ ಕಾಲ ಮುಗಿದಿದೆ.

ಶಿಕ್ಷೆ: ಸಾಮಾನ್ಯವಾಗಿ 3 ವರ್ಷದವರೆಗೆ ಜೈಲು ಅಥವಾ 1 ಲಕ್ಷ ರೂ.ವರೆಗೆ ದಂಡ ಅಥವಾ ಎರಡೂ. ಒಂದನೇ ಪಟ್ಟಿಯ ಪ್ರಾಣಿಯಾದರೆ ಕನಿಷ್ಠ 3ರಿಂದ 7 ವರ್ಷ ಜೈಲು, 25 ಸಾವಿರಕ್ಕೆ ಕಡಿಮೆಯಿಲ್ಲದ ದಂಡ. ಬಂದೂಕು, ಬೈಕ್, ಜೀಪ್ ಜಪ್ತಿ ಆಗಬಹುದು. ಮಾಂಸ ಕೊಂಡವರು, ಮಾರಿದವರು, ಹೋಟೆಲ್‌ನಲ್ಲಿ ಬೇಯಿಸಿದವರೂ ಆರೋಪಿಗಳೇ. ಡಾಬಾ ಮಾಲೀಕರು ಇದನ್ನು ನೆನಪಲ್ಲಿಡಿ. ಬೀದಿನಾಯಿ, ಪಕ್ಕದವರ ದನಕ್ಕೆ ಹೊಡೆದು ಸಾಯಿಸಿದರೆ ಅಥವಾ ಊನ ಮಾಡಿದರೆ ಭಾರತೀಯ ನ್ಯಾಯ ಸಂಹಿತೆಯ 325ನೇ ಕಲಂ ಪ್ರಕಾರ 5 ವರ್ಷದವರೆಗೆ ಶಿಕ್ಷೆ ಇದೆ.

ಕಾನೂನು ಬಿಟ್ಟರೂ ಹಂದಿಗೆ ಏರ್‌ಗನ್ ಉಪಯೋಗಕ್ಕೆ ಬಾರದು. ಅದರ ದಪ್ಪ ತೊಗಲಿಗೆ ಪೆಲೆಟ್ ನಾಟಿದರೆ ಸಾಯೋದಿಲ್ಲ, ಕೆರಳುತ್ತೆ. ಬೆಳಗ್ಗೆ ನೀರು ಹಾಯಿಸೋಕೆ ಹೋದವರ ಮೇಲೆ ನುಗ್ಗಿದರೆ ಹೊಣೆ ಯಾರು? ಕ್ಲಚ್ ವೈರ್ ಉರುಳು ಇನ್ನೂ ಅಪಾಯ. ಹಂದಿಗೆ ಹಾಕಿದ್ದಕ್ಕೆ ಚಿರತೆ ಬಿದ್ದರೆ ಕೇಸಿನ ತೂಕವೇ ಬೇರೆ. ಬೇಲಿಗೆ ನೇರ ಕರೆಂಟ್ ಕೊಟ್ಟರೆ ಮನೆಯವರೇ ಸಾಯಬಹುದು.

ಹಾಗಾದರೆ ಮಾಡೋದೇನು?

ಬೆಳೆ ಹಾಳಾದರೆ: ಅದೇ ದಿನ ಫೋಟೋ ತೆಗೆಯಿರಿ. ಪಹಣಿ, ಆಧಾರ್, ಬ್ಯಾಂಕ್ ಪಾಸ್‌ಬುಕ್ ನಕಲಿನ ಜೊತೆ ವಲಯ ಅರಣ್ಯಾಧಿಕಾರಿ ಕಚೇರಿಯಲ್ಲಿ ಪರಿಹಾರಕ್ಕೆ ಅರ್ಜಿ ಕೊಡಿ, ಸ್ವೀಕೃತಿ ಪಡೆಯಿರಿ. ತಡ ಮಾಡಿದಷ್ಟೂ ಸ್ಥಳ ಪರಿಶೀಲನೆಯಲ್ಲಿ ಹಾನಿ ಸಾಬೀತು ಮಾಡೋದು ಕಷ್ಟ. ಅರಣ್ಯ ಇಲಾಖೆ ಸಹಾಯವಾಣಿ: 1926.

ಹಾವಳಿ ನಿಲ್ಲದಿದ್ದರೆ: ಕಾಯ್ದೆಯ 11ನೇ ಕಲಂ ಪ್ರಕಾರ ಎರಡನೇ ಪಟ್ಟಿಯ ಪ್ರಾಣಿ ಜೀವಕ್ಕೆ ಅಥವಾ ಆಸ್ತಿಗೆ, ನಿಂತ ಬೆಳೆಗೂ ಸೇರಿ, ಅಪಾಯಕಾರಿ ಅನ್ನಿಸಿದರೆ ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅಧಿಕಾರ ಪಡೆದ ಅಧಿಕಾರಿ ಕಾರಣ ಬರೆದು ಲಿಖಿತ ಅನುಮತಿ ಕೊಡಬಹುದು. ಬಾಯಿಮಾತಿನ ಒಪ್ಪಿಗೆಗೆ ಬೆಲೆ ಇಲ್ಲ. 2015-16ರಲ್ಲಿ ಬಿಹಾರ, ಉತ್ತರಾಖಂಡ, ಹಿಮಾಚಲದ ಕೆಲವು ಭಾಗಗಳಲ್ಲಿ ಕೇಂದ್ರ ಸರ್ಕಾರ ಕೆಲವು ಪ್ರಾಣಿಗಳನ್ನು ನಿಗದಿತ ಅವಧಿಗೆ ಉಪದ್ರವಿ ಅಂತ ಘೋಷಿಸಿತ್ತು. ಅದನ್ನೇ ನಮ್ಮ ತಾಲ್ಲೂಕಿನದು ಅಂತ ವಾಟ್ಸಾಪ್‌ನಲ್ಲಿ ಕಳಿಸಿದರೆ ನಂಬಬೇಡಿ, ಕಚೇರಿಯಲ್ಲಿ ಕೇಳಿ.

ಹೊಲಕ್ಕೆ: ಸೋಲಾರ್ ಬೇಲಿಯಲ್ಲಿ ಬಿಟ್ಟು ಬಿಟ್ಟು ಕ್ಷಣಮಾತ್ರದ ಶಾಕ್ ಬರುತ್ತೆ, ಪ್ರಾಣಿ ಹೆದರಿ ಓಡುತ್ತೆ, ಸಾಯೋದಿಲ್ಲ. ಅಕ್ಕಪಕ್ಕದ ನಾಲ್ಕು ಹೊಲದವರು ಸೇರಿ ಹಾಕಿದರೆ ಖರ್ಚು ಹಂಚಿಹೋಗುತ್ತೆ.

ಅಂಗಡಿ, ಗೋದಾಮಿಗೆ: ಒಳಗೆ ಏರ್‌ಗನ್ ಹೊಡೆದರೆ ಪೆಲೆಟ್ ಗೋಡೆಗೆ ಬಡಿದು ಕಣ್ಣಿಗೇ ವಾಪಸ್ ಬರಬಹುದು. ಸೀಸದ ಚೂರು ಅಕ್ಕಿ ಮೂಟೆಗೂ ಸೇರುತ್ತೆ. ಇಲಿ ಬರೋ ದಾರಿ ಮುಚ್ಚೋದೇ ಮೊದಲ ಕೆಲಸ. ಸುಂಡಿಲಿಗೆ 6 ಮಿ.ಮೀ. ಸಂದು ಸಾಕು. ಬಾಗಿಲ ಕೆಳಗೆ ತಗಡು ಬಡಿಸಿ, ಬಿಲಕ್ಕೆ ಸಿಮೆಂಟ್ ಹಾಕಿ, ಮೂಟೆಗಳನ್ನು ನೆಲಕ್ಕೆ, ಗೋಡೆಗೆ ತಾಗದಂತೆ ಹಲಗೆ ಮೇಲೆ ಪೇರಿಸಿ. ಆಮೇಲೆ ಬೋನು. ಪಾರಿವಾಳಕ್ಕೆ ಕಿಟಕಿ, ಗವಾಕ್ಷಿಗೆ ಬಲೆ ಸಾಕು.

ಮನೆಯಲ್ಲಿ ಏರ್‌ಗನ್ ಇದ್ದರೆ ತಗಡಿನ ಡಬ್ಬಿ, ಕಾಗದದ ಗುರಿಗೆ ಹೊಡೆದು ಅಭ್ಯಾಸ ಮಾಡಿ, ಹಿಂದೆ ಮಣ್ಣಿನ ದಿಬ್ಬ ಇರಲಿ. ಮಕ್ಕಳ ಕೈಗೆ ಸಿಗದಂತೆ ಬೀಗ ಹಾಕಿಡಿ. ಅರುಣಾಚಲ ಪ್ರದೇಶದಲ್ಲಿ 2021ರಲ್ಲಿ ಶುರುವಾದ ಅಭಿಯಾನದಲ್ಲಿ ಜನ ತಾವಾಗಿಯೇ 2 ಸಾವಿರಕ್ಕೂ ಹೆಚ್ಚು ಏರ್‌ಗನ್ ಒಪ್ಪಿಸಿದರು. ಅಲ್ಲಿನ ಕಾಡಲ್ಲಿ ಹಕ್ಕಿಗಳೇ ಇಲ್ಲವಾಗುತ್ತಿವೆ ಅನ್ನೋದು ಅದರ ಹಿಂದಿನ ಕಾರಣ.